ಬದಲಾವಣೆ ಮಾವನ ಫೋನ್ ಲೈನು

ಬೀಗ ರಿಪೇರಿಯ ಮಾವನಿಗೆ ಬೀದಿಯವರು ಇಟ್ಟ ಹೆಸರು ಬದಲಾವಣೆ ಮಾವ. ಎಲ್ಲಿ ನಾಲ್ಕು ಕಾಸು ಕಡಿಮೆಯೋ ಅತ್ತ ವಾಲುವ ಮನುಷ್ಯ. ಹಾಲಿನವನನ್ನು ಬದಲಿಸಿದ, ಸೋಪು ಬದಲಿಸಿದ, ಕ್ಷೌರದಂಗಡಿಯನ್ನಂತೂ ಅರ್ಧ ಕ್ಷೌರದಲ್ಲೇ ಬದಲಿಸಿದನೆಂದು ಹೇಳುವವರಿದ್ದಾರೆ. "ನನಗೆ ಟೋಪಿ ಹಾಕೋನು ಇನ್ನೂ ಹುಟ್ಟಿಲ್ಲ ಕಣಯ್ಯಾ" ಎನ್ನುತ್ತಿದ್ದ. ಹಾಗೇ ಮನೆಯ ಫೋನ್ ಲೈನನ್ನೂ ಅಗ್ಗದ ಕಂಪನಿಗೆ ಬದಲಿಸಿದ. ಮರುತಿಂಗಳು ಹಳೇ ಕಂಪನಿಯ ಇಂಟರ್ನೆಟ್ ಬಿಲ್ಲು ಒಂದಕ್ಕೆರಡಾಗಿ ಬಂತು. ಫೋನೂ ನೆಟ್ಟೂ ಅವರಲ್ಲೇ ಇದ್ದರಷ್ಟೇ ರಿಯಾಯಿತಿಯಂತೆ. "ನೆಟ್ ಕಿತ್ತು ಬಿಸಾಕು ಮಾವ, ಅವರಿಗೂ ಬುದ್ಧಿ ಬರಲಿ" ಎಂದ ಪಕ್ಕದಂಗಡಿಯ ದರ್ಜಿ. ಯಾವತ್ತೂ ಕಸ್ಟಮರ್ ಕೇರಿನವರ ಮೇಲೆ ಬೀದಿಗೆಲ್ಲ ಕೇಳುವಂತೆ ಹಾರಾಡುವ ಮಾವ ಅಂದು ಫೋನನ್ನು ಕಿವಿಗೊತ್ತಿಕೊಂಡು ಮೆತ್ತಗೆ ಮಾತಾಡಿದ. "ತಪ್ಪು ನಂದೇ ತಾಯಿ. ನನ್ನ ಹೆಂಡ್ತಿಗೆ ಕಿವಿ ಕೇಳ್ಸಲ್ಲ, ಮಾತೂ ಬರಲ್ಲ. ದಿನಾ ಸಂಜೆ ಅವಳಕ್ಕನ ಹತ್ರ ನೆಟ್ಟಲ್ಲಿ ಮುಖ ನೋಡ್ಕೊಂಡು ಕೈಯಲ್ಲೇ ಮಾತಾಡ್ತಾಳೆ. ಇಷ್ಟು ದುಡ್ಡು ನನ್ನ ಕೈಲಾಗಲ್ಲ. ಲೈನು ವಾಪಸ್ ನಿಮಗೇ ತರ್ತೀನಿ, ಹಳೇ ರೇಟು ಮಾಡ್ಕೊಡಿ." ಫೋನಿನ ಆ ಕಡೆಯ ಹುಡುಗಿ ಮೇಲಿನವರನ್ನು ಕೇಳಿ ಬಂದು, "ಆಯ್ತು ಸರ್" ಎಂದಳು. ಮಾವನ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಸಂಜೆ ಅಕ್ಕತಂಗಿಯರ ಕೈಗಳು ಎಂದಿನಂತೆ ಭರಭರ ಓಡಿದವು. ನಡುವೆ ಹೆಂಡತಿ ಗಂಡನತ್ತ ಬೆರಳು ತೋರಿಸಿ, ಕೈಯನ್ನು ಕಿವಿಗಿಟ್ಟು, ಬಾಯಿ ಅಗಲ ತೆರೆದು, ಫೋನಿನಲ್ಲಿ ಅವನು ಹಾರಾಡುವ ಪರಿಯನ್ನು ಆಡಿ ತೋರಿಸಿದಳು. ಪರದೆಯೊಳಗಿನ ಅಕ್ಕ ಬಿದ್ದು ಬಿದ್ದು ನಕ್ಕಳು. "ಆಡ್ಕೊಳ್ಳಿ, ಆಡ್ಕೊಳ್ಳಿ" ಎಂದ ಮಾವ, ಹೆಂಡತಿಯ ಕೈಗಳ ಮೇಲೆ ತನ್ನ ನೆರಳು ಬೀಳದಂತೆ ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡ.