ಎರಡು ಸಲ ಹದಿನಾರು

ಸಂಜೆ ನಾಲ್ಕು ಇಪ್ಪತ್ತಕ್ಕೆ ಅಕ್ಕ ಕರಿಬೇವು ಕೀಳಲು ಹಿತ್ತಲಿಗೆ ಹೋದಳು. ಕಾಲ ಕೆಳಗಿನ ಚಪ್ಪಡಿ ಮುರಿದು, ಸಂಪಗಾಂವದ ನಮ್ಮ ದೊಡ್ಡವ್ವನ ಮನೆಯ ಹಳೆಯ ಹಗೇವಿನೊಳಗೆ ಬಿದ್ದಳು. ಹಗೇವು ಅಂದರೆ ಹಿಂದೆ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಬಾಯಿ ಕಿರಿದು, ಹೊಟ್ಟೆ ಅಗಲ. ವರ್ಷಗಟ್ಟಲೆ ಮುಚ್ಚಿದ್ದರಿಂದ ಒಳಗಿನ ಗಾಳಿ ಕೆಟ್ಟಿತ್ತು. ದೊಡ್ಡವ್ವ ಹಗ್ಗಕ್ಕೆ ಕಟ್ಟಿ ಇಳಿಸಿದ ಕಂದೀಲು ಅರ್ಧಕ್ಕೇ ಮಂಕಾಯಿತು.

"ಯಾರೂ ಹಂಗ ಇಳಿಬ್ಯಾಡ್ರಿ," ಎಂದಳು ದೊಡ್ಡವ್ವ. ನನ್ನ ಕಡೆ ತಿರುಗಿ, "ನೀ ಆಕಿನ್ನ ಮಾತಾಡಸ್ಕೋತ ಇರು. ಮಾತು ತಪ್ಪಿದ್ರ ಒದರು."

ನೆರೆಯವರು ರಾಶಿ ತೂರುವ ಫ್ಯಾನು ತಂದು ಒಳಗೆ ಗಾಳಿ ಬಿಟ್ಟರು. ಗಾಳಿ ತಿಳಿಯಾಗುವವರೆಗೆ ಕಾಯಬೇಕಿತ್ತು. ನನಗೆ ಮಾತೇ ಹೊಳೆಯಲಿಲ್ಲ. ಬೆಳಿಗ್ಗೆ ಬೈಲಹೊಂಗಲದಿಂದ ಬರುವಾಗ ಬಸ್ಸಿನಲ್ಲಿ ನಾವಿಬ್ಬರೂ ಆಡಿದ ಜಗಳವೊಂದೇ ನೆನಪಾಯಿತು. ಇಬ್ಬರೂ ಗಣಿತ ಓದಿದವರು. ಅಕ್ಕ ಸವದತ್ತಿಯ ಹೈಸ್ಕೂಲಿನಲ್ಲಿ ಅದನ್ನೇ ಕಲಿಸುತ್ತಾಳೆ. ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು, ಈ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿ ಒಂದು ಕೂಡಿಸಿದರೆ 30031. ಈ ಆರರಲ್ಲಿ ಯಾವುದರಿಂದ ಭಾಗಿಸಿದರೂ ಒಂದು ಉಳಿಯುತ್ತದೆ. ಹಾಗಾಗಿ ಅದೂ ಅವಿಭಾಜ್ಯವೇ ಎಂದು ನನ್ನ ಹಟ. ಬೇರೆ ಯಾವುದೋ ಅದನ್ನು ಭಾಗಿಸುತ್ತದೆ ಎಂದು ಅವಳ ಹಟ.

"ಅಕ್ಕಾ, ಹದಿನೇಳರ್ಲೆ ಭಾಗಸು!"

"ನನ್ನ ಕಾಲು ಮುರದೈತಿ, ಈಕಿಗೆ ಭಾಗಾಕಾರ!" ಎಂದಳು ಕೆಳಗಿನಿಂದ. ಆಮೇಲೆ, "ಒಂಬತ್ತು ಉಳೀತೈತಿ."

"ಹತ್ತೊಂಬತ್ತು?"

"ಹನ್ನೊಂದು. ನಿನಗ ಡಿಗ್ರಿ ಯಾರ ಕೊಟ್ರಲೇ?"

ಬಗ್ಗಿ ನಿಂತಿದ್ದ ಹೆಂಗಸರು ಅಳುತ್ತಲೇ ನಕ್ಕರು.

"ಇಪ್ಪತ್ಮೂರು?"

ತುಸು ತಡೆದು, "ಹದಿನಾರು."

"ಇಪ್ಪತ್ತೊಂಬತ್ತು?"

ಇನ್ನಷ್ಟು ತಡೆದು, ತೇಲಿದ ದನಿಯಲ್ಲಿ, "ಹದಿನಾರು."

ಹೇಳಿದ್ದನ್ನೇ ಹೇಳುತ್ತಿದ್ದಾಳೆ, ತಲೆ ಕೈಕೊಡುತ್ತಿದೆ ಎಂದು ನನ್ನ ಜೀವ ಹಾರಿತು. "ಆಕಿಗೆ ಎಚ್ಚರ ತಪ್ಪಾಕ್ಹತ್ತೈತ್ರಿ!" ಎಂದು ಕಿರುಚಿದೆ. ಪಕ್ಕದ ಮನೆಯ ಕಾಕಾ ಮತ್ತೆ ಕಾಯಲಿಲ್ಲ. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದರು. ಅವರು ಮುಟ್ಟುವ ಹೊತ್ತಿಗೆ ಅಕ್ಕನ ಕುತ್ತಿಗೆ ನಿಜವಾಗಿಯೂ ವಾಲಿತ್ತು. ಊರೇ ಸೇರಿ ಇಬ್ಬರನ್ನೂ ಎಳೆಯಿತು.

ಬೈಲಹೊಂಗಲದ ಆಸ್ಪತ್ರೆಯಲ್ಲಿ ಡಾಕ್ಟರು, "ಇನ್ನೂ ಸ್ವಲ್ಪ ತಡಾ ಆಗಿದ್ರ ಕಷ್ಟ ಇತ್ರಿ" ಎಂದರು. ಆಕ್ಸಿಜನ್ ಮಾಸ್ಕ್ ತೆಗೆದಾಗ ಅಕ್ಕನ ಮೊದಲ ಮಾತು, "ಹದಿನಾರು ಸರೀನ ಇತ್ತು."

ಆ ಲೆಕ್ಕ ಮಾಡಿ ನೋಡುವ ಧೈರ್ಯ ನನಗಾಗಲಿಲ್ಲ. ಕಣ್ಣು ಮುಚ್ಚಿದರೆ ಸಾಕು, ಹಗೇವಿನ ಬಾಯಿ. ಇಪ್ಪತ್ತೊಂಬತ್ತು ಎಂದು ಕೂಗುತ್ತೇನೆ, ಉತ್ತರವಿಲ್ಲ. ಎದ್ದು ಕೂತುಬಿಡುತ್ತಿದ್ದೆ.

ಅಕ್ಕನ ಕಾಲಿನ ಪ್ಲಾಸ್ಟರ್ ಬಿಚ್ಚಿದ ದಿನ ಸವದತ್ತಿಗೆ ಹೋದೆ. ಅವಳು ಅಡುಗೆಮನೆಯ ಕಪ್ಪು ಕಲ್ಲಿನ ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಳು. ಇಪ್ಪತ್ತಮೂರು, ಇಪ್ಪತ್ತೊಂಬತ್ತು, ನಲವತ್ತೈದು, ಮೂರನ್ನೂ ಗುಣಿಸಿದರೆ 30015, ಅಂದರೆ 30031ಕ್ಕಿಂತ ಹದಿನಾರು ಕಡಿಮೆ. ಅದಕ್ಕೇ ಎರಡಕ್ಕೂ ಹದಿನಾರೇ ಉಳಿಯುತ್ತದೆ. ಆ ಉತ್ತರ ಹೇಳುವವರೆಗೂ ಅವಳ ತಲೆ ಚುರುಕಾಗಿಯೇ ಇತ್ತು. ಹೆದರಿ ತಪ್ಪು ತಿಳಿದವಳು ನಾನು. ಆ ತಪ್ಪೇ ಕಾಕಾನನ್ನು ಹೊತ್ತಿಗೆ ಸರಿಯಾಗಿ ಇಳಿಸಿತ್ತು. ಕಾಕಾನನ್ನು, ದೊಡ್ಡವ್ವನನ್ನು ನೆನೆದಾಗಲೆಲ್ಲ ಆ ಹದಿನಾರಕ್ಕೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

"ಮುಂದ ನಡಿ," ಎಂದಳು ಅಕ್ಕ. ಸಾಲಾಗಿ ಭಾಗಿಸುತ್ತಾ ಹೋದೆವು. ಐವತ್ತೊಂಬತ್ತಕ್ಕೆ ಬಂದಾಗ ಏನೂ ಉಳಿಯಲಿಲ್ಲ. ಐವತ್ತೊಂಬತ್ತು ಗುಣಿಸು ಐನೂರಾ ಒಂಬತ್ತು.

"ಸೋತಿ ನೋಡು. ಮಿರ್ಚಿ ಭಜಿ ತಗೊಂಡ ಬಾ, ಹೋಗು."

ಹೋಗಿ ತಂದೆ. ತಿಂದೆವು. ಅಂದು ರಾತ್ರಿ ಅವಳ ಪಕ್ಕದಲ್ಲೇ ಮಲಗಿದವಳು, ಬಿಸಿಲು ಮುಖಕ್ಕೆ ಬಿದ್ದ ಮೇಲೆಯೇ ಎದ್ದೆ.