ಹಿಂದಕ್ಕೆ ತಿರುಗಿದರೆ ಬೆಳಕು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರು ಮಹಡಿಯ ಕಟ್ಟಡದ ತಾರಸಿಯಲ್ಲಿ, ಏಣಿಯ ತುದಿಯಲ್ಲಿ ಒಬ್ಬರು ಬಾಯಲ್ಲಿ ಸ್ಪ್ಯಾನರ್ ಕಚ್ಚಿಕೊಂಡು ನಿಂತಿದ್ದಾರೆ. ಎದುರಿಗೆ ಕಬ್ಬಿಣದ ಕಂಬ, ಅದರ ನೆತ್ತಿಯಲ್ಲಿ ಹಳೆಯ ಸೈಕಲ್ಲಿನ ಹಿಂದಿನ ಚಕ್ರ, ಚಕ್ರದ ಕಡ್ಡಿಗಳಿಗೆ ಪ್ಲಾಸ್ಟಿಕ್ ಪೈಪ್ ಸೀಳಿ ಮಾಡಿದ ರೆಕ್ಕೆಗಳು. ಕೆಳಗೆ ಏಣಿ ಹಿಡಿದಿರುವ ಹೆಂಡತಿ, "ಬೀಳೋ ಹಾಗಿದ್ರೆ ಮೊದಲೇ ಹೇಳಿ, ಪಕ್ಕಕ್ಕೆ ಸರ್ಕೋತೀನಿ" ಅನ್ನುತ್ತಾರೆ. ಬಾಯಲ್ಲಿ ಸ್ಪ್ಯಾನರ್ ಇರುವುದರಿಂದ ಅವರು ತಲೆಯನ್ನಷ್ಟೇ ಅಲ್ಲಾಡಿಸುತ್ತಾರೆ.

ಬೀದಿಯವರಿಗೆ ಇವರು ಗಾಳಿಯಣ್ಣ. ಮೂಲೆಯ ಸೈಕಲ್ ಅಂಗಡಿಯಲ್ಲಿ ಟೈರಿಗೆ ಗಾಳಿ ಹಾಕುತ್ತಲೇ ತಲೆ ನರೆತಿದೆ. "ಇಷ್ಟು ವರ್ಷ ಗಾಳಿಗೆ ನಾನು ದುಡಿದೆ, ಇನ್ನು ನನಗೆ ಅದು ದುಡೀಲಿ ಅಂತ ಶುರು ಮಾಡಿದೆ" ಎಂದು ನಗುತ್ತಾರೆ. ಗುಜರಿಯವನ ರಾಶಿಯಲ್ಲಿ ಮುರುಕು ಸೈಕಲ್ ಕಣ್ಣಿಗೆ ಬಿದ್ದರೆ ಮುಗಿಯಿತು, ಅದರ ಚಕ್ರ, ಚೈನು, ಡೈನಮೊ ಎಲ್ಲ ಇವರ ಅಂಗಡಿಯ ಸೂರಿಗೆ ಬಂದು ನೇತಾಡುತ್ತವೆ. ಕಾವಲುಗಾರನ ಗೂಡು, ಕೋಳಿ ಶೆಡ್ಡು ಅಂತ ಹನ್ನೊಂದು ಕಡೆ ಇವರ ಗಾಳಿಯಂತ್ರಗಳಿವೆ. ಒಂದೊಂದಕ್ಕೂ ಒಂದು ವಾರದ ಬೆವರು.

ಆದರೆ ಅವೆಲ್ಲ ಮುಂದಿನ ಚಕ್ರದವು, ಮಿಣುಕು ದೀಪದವು. ಹೆಂಡತಿ ತಾರಸಿಯ ತಗಡಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಾರೆ. ಕಿಟಕಿಯಿಲ್ಲದ ಆ ಕೋಣೆಗೆ ಬೆಳಗ್ಗೆ, ಸಂಜೆ ಕರೆಂಟು ಕೈಕೊಡುತ್ತದೆ. ಹೊಲಿದದ್ದನ್ನು ಬಿಚ್ಚಿ ಮತ್ತೆ ಹೊಲಿಯುವುದನ್ನು ನೋಡಿ ಗಾಳಿಯಣ್ಣ ಈ ಕೋಣೆಗೇ ದೊಡ್ಡ ದೀಪ ಹಾಕಲು ಹೊರಟರು. ಹೋದ ವಾರ ದೊಡ್ಡ ಡೈನಮೊಗೆ ಚೈನು ಬಿಗಿದು ಹಿಂದಿನ ಚಕ್ರ ಏರಿಸಿದರು. ಚಕ್ರ ಬುಗುರಿಯಂತೆ ತಿರುಗಿತು, ದೀಪ ಹತ್ತಲಿಲ್ಲ. ಬದಲಿಗೆ ಹಗಲೂ ರಾತ್ರಿ ಟಿಕ್ ಟಿಕ್ ಸದ್ದು. ಕೆಳಮನೆಯ ಒಡತಿ ಅಜ್ಜಿ ಕಡ್ಡಿ ಮುರಿದಂತೆ ಹೇಳಿದ್ದಾರೆ, "ಇವತ್ತು ಸದ್ದು ನಿಲ್ಲಬೇಕು, ಇಲ್ಲ ಕಂಬ ಇಳೀಬೇಕು."

ತಪ್ಪು ಸೈಕಲ್ಲಿನವರೇ ಮಾಡುವಂಥದ್ದು. ಚಕ್ರವೆಂದರೆ ಮುಂದಕ್ಕೆ ಹೋಗಬೇಕು ಎಂಬುದು ಅವರ ಕೈಗೆ ಅಂಟಿದ ಅಭ್ಯಾಸ. ರೆಕ್ಕೆಗಳನ್ನು ಹಾಗೆಯೇ ಓರೆ ಮಾಡಿ ಕಟ್ಟಿದ್ದರು. ಹಿಂದಿನ ಚಕ್ರದಲ್ಲೋ ಫ್ರೀವೀಲ್ ಇರುತ್ತದೆ. ಇಳಿಜಾರಿನಲ್ಲಿ ಪೆಡಲ್ ತುಳಿಯದೆ ಕೂತಾಗ ಟಿಕ್ ಟಿಕ್ ಎನ್ನುವುದು ಅದೇ. ಚಕ್ರ ಮುಂದಕ್ಕೆ ಓಡುತ್ತದೆ, ಚೈನು ಸುಮ್ಮನಿರುತ್ತದೆ, ಡೈನಮೊ ತಿರುಗುವುದೇ ಇಲ್ಲ. ನಿನ್ನೆ ಅಂಗಡಿಯಲ್ಲಿ ಗಿರಾಕಿಯ ಸೈಕಲ್ಲನ್ನು ಹಿಂದಕ್ಕೆ ತಳ್ಳುವಾಗ ಪೆಡಲ್ ತಿರುಗಿ ಕಾಲಿಗೆ ಬಡಿಯಿತು. ಹಿಂದಕ್ಕೆ ಹೋದರೆ ಚಕ್ರವೇ ಚೈನನ್ನು ಎಳೆಯುತ್ತದೆ. "ಮೂವತ್ತು ವರ್ಷದಿಂದ ಬಡೀತಾನೇ ಇದೆ, ನಿನ್ನೆ ಅರ್ಥ ಆಯ್ತು" ಅನ್ನುತ್ತಾರೆ.

ಕೊನೆಯ ರೆಕ್ಕೆಯ ಓರೆ ಬದಲಿಸಿ ಕೈಬಿಡುತ್ತಾರೆ. ಚಕ್ರ ಅನುಮಾನದಲ್ಲೇ ಹಿಂದಕ್ಕೆ ತಿರುಗಿ, ಆಮೇಲೆ ವೇಗ ಹಿಡಿಯುತ್ತದೆ. ಸದ್ದಿಲ್ಲ. ಹೆಂಡತಿ ಏಣಿ ಬಿಟ್ಟು ಕೋಣೆಗೆ ಓಡುತ್ತಾರೆ.

ಮೊಣಕಾಲು ಹಿಡಿದುಕೊಂಡು ಅಜ್ಜಿ ಮೇಲೆ ಬರುತ್ತಾರೆ. "ಇಳಿಸಿಬಿಟ್ಯೇನಪ್ಪಾ?"

"ಇಲ್ಲ ಅಜ್ಜಿ, ಅಲ್ಲೇ ಇದೆ ನೋಡಿ."

ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಾರೆ. "ಹಿಂದಕ್ಕೆ ಹೋಗ್ತಿದೆಯಲ್ಲೋ. ಇರ್ಲಿ ಬಿಡು, ಸುಮ್ಮನಿದೆಯಲ್ಲ."

ಇನ್ನೇನು ಆಸೆ ಎಂದು, ಇವರ ಬಗ್ಗೆ ಬರೆಯಲು ಬಂದ ನಾನು ಕೇಳಿದರೆ ಗಾಳಿಯಣ್ಣನಿಗೆ ಆ ಪ್ರಶ್ನೆಯೇ ಕೇಳಿಸಿಲ್ಲ. ಅವರು ಏಣಿ ಇಳಿದು, ದೀಪ ಹತ್ತಿದ ಕೋಣೆಯ ಬಾಗಿಲಲ್ಲಿ ನಿಂತು ಒಳಗೆ ಇಣುಕುತ್ತಿದ್ದಾರೆ.

"ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿದಳು" ಅನ್ನುತ್ತಾರೆ ಮೆಲ್ಲಗೆ. "ನೋಡಿದ್ರಾ?"