‘ಟೇಕ್’ ಎಂದರೆ ಹತ್ತುವುದು

ಇಂಗ್ಲಿಷ್ ನಿಘಂಟಿನಲ್ಲಿ ‘ಟೇಕ್’ ಎಂಬ ಕ್ರಿಯಾಪದದ ಬಾಗಿಲು ತೆರೆದವರು ಬೇಗ ಹೊರಗೆ ಬರುವುದಿಲ್ಲ. ತೆಗೆದುಕೊಳ್ಳು ಎಂಬ ಒಂದೇ ಅರ್ಥವನ್ನು ನಂಬಿ ಒಳಹೊಕ್ಕರೆ, ಔಷಧಿ, ಫೋಟೊ, ಬಸ್ಸು, ಕೊನೆಗೆ ಸಿಟ್ಟಿನ ತನಕ ಎಲ್ಲವನ್ನೂ ಅದು ‘ತೆಗೆದುಕೊಳ್ಳುತ್ತ’ ಹೋಗುತ್ತದೆ. ಕಟ್ಟಿದ ಕಸಿ ಕೂಡಿ ಚಿಗುರಿದರೂ ಇಂಗ್ಲಿಷರಿಗೆ ಅದು ‘ಟೇಕ್’. ವಿಜಯಪುರದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಲೇ ತಲೆ ನರೆಸಿಕೊಂಡ ನನಗೆ ಈ ಅರ್ಥ ಪ್ರತ್ಯಕ್ಷವಾದದ್ದು ಮಾತ್ರ ಹೋದ ವರ್ಷ, ತಿಕೋಟಾದಲ್ಲಿ, ತಂಗಿ ಸುವರ್ಣಾಳ ದ್ರಾಕ್ಷಿತೋಟದಲ್ಲಿ.

ಹೊಸ ತೋಟದಲ್ಲಿ ನೆಟ್ಟಿದ್ದ ಕಾಡುದ್ರಾಕ್ಷಿಯ ಗಿಡಗಳಿಗೆ ಒಳ್ಳೆಯ ತಳಿಯ ಕಡ್ಡಿಯನ್ನು ತಾನೇ ಆರಿಸಿ ಕಸಿ ಕಟ್ಟುವೆನೆಂದು ಸುವರ್ಣಾ ಹಟ ಹಿಡಿದಿದ್ದಳು. ಅಲ್ಲಿಯವರೆಗೆ ಹೊರಗಿನ ತಂಡವನ್ನು ಕರೆಸುತ್ತಿದ್ದ ಅವಳ ಗಂಡ ಮಲ್ಲಣ್ಣ ಅರೆಮನಸ್ಸಿನಿಂದ ಒಪ್ಪಿದ.

“ಕಸಿ ಹತ್ತಲಿಲ್ಲಂದ್ರ ಈ ಹಂಗಾಮು ಹೋದಂಗ ನೋಡು” ಎಂದ.

“ಹೋದ್ರ ನನ್ನ ಹೆಸರಿಗೆ ಬರ್ಕೋರಿ” ಎಂದಳು ಇವಳು.

ಕಟ್ಟಿ ಎರಡು ವಾರವಾದರೂ ಫೋನಿನಲ್ಲಿ ಅವಳ ಬಾಯಿಂದ ಕಸಿಯ ಸುದ್ದಿ ಹೊರಡಲಿಲ್ಲ. ನೆರೆಯವರು ಬೇಲಿಯಾಚೆಯಿಂದಲೇ ಹತ್ತಲಿಲ್ಲವೆಂಬಂತೆ ತಲೆಯಾಡಿಸಿ ಹೋಗುತ್ತಿದ್ದರಂತೆ. ಭಾನುವಾರ ನಾನು, ಸಮಾಧಾನದ ಮಾತುಗಳನ್ನು ಎರಡೆರಡು ಭಾಷೆಯಲ್ಲಿ ಸಿದ್ಧಪಡಿಸಿಕೊಂಡು, ತಿಕೋಟಾ ಬಸ್ಸು ಹತ್ತಿದೆ.

ಸುವರ್ಣಾ ನನ್ನನ್ನು ನೇರ ತೋಟಕ್ಕೆ ಕರೆದೊಯ್ದಳು. ಮೊದಲ ಸಾಲಿನ ಗಿಡಗಳು ಬೋಳಾಗಿದ್ದವು. ನಾನು ಸಮಾಧಾನಕ್ಕೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವಳು ಎರಡನೆಯ ಸಾಲಿನಲ್ಲಿ ಬಗ್ಗಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿದ ಗಂಟಿನ ಮೇಲೆ ಬೆರಳಿಟ್ಟಳು. ಅದರ ಮೇಲೆ ಅಕ್ಕಿಕಾಳಿನಷ್ಟು ಹಸಿರು. ಮುಂದಿನದರಲ್ಲೂ ಹಸಿರು. ಅದರಾಚೆಗೂ.

“ಹತ್ಯಾವ, ಅಕ್ಕಾ. ನಿನ್ನೆ ಸಂಜಿಕ ಕಂಡ್ವು. ಕೈ ಹಿಡದು ತೋರಸೂಣಂತ ಸುಮ್ನ ಇದ್ದೆ.”

ಅವಳ ಕಣ್ಣುಗಳು ತೇವವಾಗಿದ್ದವು. ನನ್ನವೂ ಆದವು. ಅದನ್ನು ಮರೆಮಾಚಲು, ವೃತ್ತಿಯ ಚಾಳಿಯಂತೆ, ಪಾಠ ಶುರುಮಾಡಿದೆ. ಇಂಗ್ಲಿಷರ ಈ ‘ಟೇಕ್’ ಅವರ ಮೂಲದ್ದಲ್ಲ. ಉತ್ತರದಿಂದ ಕಡಲು ದಾಟಿ ಬಂದು ನೆಲೆಸಿದವರ ಮಾತು ಅದು; ಇಂಗ್ಲಿಷರಿಗೆ ಮೊದಲಿದ್ದ ಸ್ವಂತ ಕ್ರಿಯಾಪದವನ್ನು ಮೆಲ್ಲಗೆ ಹೊರದಬ್ಬಿತು. ಬಹು ಹಿಂದೆ ಅದಕ್ಕೆ ‘ಮುಟ್ಟು’ ಎಂಬ ಅರ್ಥವಿದ್ದಿರಬೇಕೆಂದು ಬಲ್ಲವರು ಹೇಳುತ್ತಾರೆ, ಎಂದೆ.

“ಮುಟ್ಟಿದ ಮ್ಯಾಲೇ ಅಲ್ಲೇನು ಹತ್ತೂದು?” ಎಂದಳು ಅವಳು, ಪಟ್ಟಿಯನ್ನು ಸಡಿಲಿಸುತ್ತ.

ನನಗೆ ಇದ್ದಕ್ಕಿದ್ದಂತೆ ನಮ್ಮ ‘ಹತ್ತು’ವಿನ ಮೇಲೆ ಹೆಮ್ಮೆ ಉಕ್ಕಿತು. ನಮ್ಮಲ್ಲಿ ಬೆಂಕಿ ಹತ್ತುತ್ತದೆ, ನಿದ್ದೆ ಹತ್ತುತ್ತದೆ, ಕೈಗೆ ಮಸಿ ಹತ್ತುತ್ತದೆ. ಅಷ್ಟೇ ಅಲ್ಲ, ‘ಮಾಡಾಕತ್ತೇನಿ’, ಅಂದರೆ ‘ಮಾಡಾಕ ಹತ್ತೇನಿ’, ಎನ್ನುವಾಗ ಮಾಡುವ ಕೆಲಸಕ್ಕೇ ಹತ್ತಿಕೊಂಡಿರುತ್ತೇವೆ. ಬಬಲೇಶ್ವರದ ಹುಡುಗಿಯಾಗಿದ್ದ ನಾನು ಹೊರಗಿನವರ ಮುಂದೆ ಈ ‘ಆಕತ್ತ’ವನ್ನು ಸೆರಗಿನಲ್ಲಿ ಮುಚ್ಚಿಟ್ಟು, ‘ಮಾಡುತ್ತಿದ್ದೇನೆ’ ಎಂದು ತಿದ್ದಿ ಮಾತಾಡುತ್ತಿದ್ದೆ. ಇಂಗ್ಲಿಷರ ‘ಟೇಕ್’ಗಿಂತ ಒಂದು ಕೈ ಮಿಗಿಲಾದ ಸಿರಿಯನ್ನು ಬಚ್ಚಿಟ್ಟುಕೊಂಡು ಬಡವಿಯಂತೆ ತಿರುಗಿದ್ದೆನಲ್ಲ ಎಂದು ನಗು ಬಂತು.

ಅಷ್ಟರಲ್ಲಿ ಮಲ್ಲಣ್ಣ ಪಕ್ಕದ ತೋಟದವರನ್ನು ಕರೆದುಕೊಂಡು ಬಂದ. ಒಂದೊಂದೇ ಗಿಡವನ್ನು ತೋರಿಸುತ್ತ, “ತಂಡದವರಲ್ರಿ, ನಮ್ಮನ್ಯಾಕಿನ ಕಟ್ಯಾಳ” ಎಂದ. ಎರಡನೆಯ ಸಾಲು ಮುಗಿಯುವ ತನಕ ಅದನ್ನೇ ಹೇಳಿದ. ನೆರೆಯವರು ಸುವರ್ಣಾಳ ಕಡೆ ತಿರುಗಿದರು.

“ತಂಗೀ, ನಮ್ಮ ತೋಟಕ್ಕೂ ಬರ್ತಿಯೇನವಾ?”

ಸುವರ್ಣಾ ಗಂಡನ ಮುಖ ನೋಡಲಿಲ್ಲ.

“ಬರ್ತೀನ್ರಿ. ಆದ್ರ ಕಡ್ಡಿ ನಾನ ಆರಸಾಕಿ” ಎಂದಳು.